ಅಪ್‌ಡೇಟ್: ತಮ್ಮನ ಪೈಲಟ್ ಬಾಂಡ್ ಇತ್ಯರ್ಥವಾಯಿತು

ಐದು ವರ್ಷದ ತರಬೇತಿ ಬಾಂಡ್‌ನಲ್ಲಿ (ತರಬೇತಿಗೆ ಪ್ರತಿಯಾಗಿ ಅಷ್ಟು ವರ್ಷ ದುಡಿಯಬೇಕು, ನಡುವೆ ಬಿಟ್ಟರೆ ಹಣ ಕಟ್ಟಬೇಕು ಎಂಬ ಕರಾರು) ಮೂರು ವರ್ಷ ದುಡಿದ ತಮ್ಮ ಕೆಲಸ ಬಿಡಲು ಹೊರಟಾಗ ವಿಮಾನ ಸಂಸ್ಥೆ ಪೂರ್ತಿ 20 ಲಕ್ಷ ರೂಪಾಯಿ ಕೇಳಿದ್ದರ ಬಗ್ಗೆ ನಿಮ್ಮೆಲ್ಲರ ಸಲಹೆ ಕೇಳಿದ್ದೆ. ಬಾಂಡ್ ಎಂದರೆ ಜೀತ, ಅದು ನಿಲ್ಲುವುದಿಲ್ಲ ಎಂಬ ವಾದ ಫಲಿಸಲಿಲ್ಲ. ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತನ್ನು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ ಎಂದು ಬೆಳಗಾವಿಯ ವಕೀಲರು ಮೊದಲೇ ಹೇಳಿಬಿಟ್ಟರು.

ಕೈಹಿಡಿದದ್ದು, ತರಬೇತಿಗೆ ಸಂಸ್ಥೆ ಮಾಡಿದ ಖರ್ಚಿನ ಲೆಕ್ಕ ಕೇಳಿ ಎಂದು ನಿಮ್ಮಲ್ಲಿ ಕೆಲವರು ಹೇಳಿದ ಮಾತು. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಬಾಂಡ್‌ನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಸಲ್ಲುವುದು ನ್ಯಾಯವಾದ ಪರಿಹಾರ. ಸಿಮ್ಯುಲೇಟರ್ (ನೆಲದ ಮೇಲೇ ಹಾರಾಟ ಕಲಿಸುವ ಯಂತ್ರ) ತರಬೇತಿಯ ಬಿಲ್ಲುಗಳು 15 ಲಕ್ಷಕ್ಕೆ ನಿಂತವು. ಅದರಲ್ಲಿ ದುಡಿದ ಮೂರು ವರ್ಷಗಳ ಪಾಲನ್ನು ಕಳೆದು 6 ಲಕ್ಷಕ್ಕೆ ಒಪ್ಪಂದವಾಯಿತು. ಛಾಪಾಕಾಗದದ ಕೊನೆಯ ಪುಟದಲ್ಲಿ ಅಪ್ಪ ಜಾಮೀನುದಾರರಾಗಿ ಹಾಕಿದ್ದ ಸಹಿಯೂ ಋಣಮುಕ್ತವಾಯಿತು.

ಗೊತ್ತಿರದಿದ್ದ ಸಂಗತಿಯೆಂದರೆ, ಹಣ ಕಟ್ಟಿದರೂ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ನಿಯಮದಂತೆ ಸಹಪೈಲಟ್‌ಗೆ 6 ತಿಂಗಳ ನೋಟಿಸ್ ತಪ್ಪುವುದಿಲ್ಲ.