1.3 ಮಲ್ಟಿಜೆಟ್ ಡೀಸೆಲ್: 75 ಪಿಎಸ್, 90 ಪಿಎಸ್ ಎರಡೂ ನಿಜವಾಗ್ಲೂ ಒಂದೇ ಎಂಜಿನ್ನಾ?

ಮಲ್ನಾಡ್_ರೋಡ್:
ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ಹುಡುಕ್ತಾ ಇದೀನಿ, ಯಾವ್ದನ್ನ ನೋಡೋಕೆ ಹೋದ್ರೂ ಬಾನೆಟ್ ಎತ್ತಿದ್ರೆ ಅದೇ 1248 ಸಿಸಿ, ಅಂದ್ರೆ 1.3 ಲೀಟರ್ ಮಲ್ಟಿಜೆಟ್ ಎಂಜಿನ್. ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ವಿಸ್ಟಾ, ಮಾನ್ಜಾ, ಪುಂಟೊ, ಲೀನಿಯಾ, ಎಲ್ಲದ್ರಲ್ಲೂ. ಆದ್ರೆ ಕೆಲವು 75 ಪಿಎಸ್ (ಎಂಜಿನ್ ಪವರ್‌ನ ಅಳತೆ) ಅಂತಾರೆ, ಕೆಲವು 90. ಗ್ಯಾರೇಜಲ್ಲಿ ಒಬ್ರು "ಎರಡೂ ಒಂದೇ ಸಾರ್, ಸಾಫ್ಟ್‌ವೇರ್ ಅಷ್ಟೇ ಬೇರೆ, ರೀಮ್ಯಾಪ್ ಮಾಡ್ಸಿದ್ರೆ 75 ಇರೋದು 90 ಆಗ್ಬಿಡುತ್ತೆ" ಅಂದ್ರು. ಇದು ನಿಜಾನಾ? ನಮ್ದು ತೀರ್ಥಹಳ್ಳಿ ಕಡೆ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ಬೇಕು, ವಾಪಸ್ ಹತ್ತುವಾಗ ಮನೆಯವ್ರೆಲ್ಲ ಲಗೇಜ್ ಸಮೇತ ಇರ್ತಾರೆ. ಈಗ ಕಣ್ಣಲ್ಲಿರೋದು ಒಂದು ಡಿಜೈರ್ (75), ಒಂದು ಎರ್ಟಿಗಾ (90). ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಟರ್ಬೊ_ಪ್ರೇಮಿ:
ಮೂಲ ವಿನ್ಯಾಸ ಒಂದೇ, ಅದ್ರಲ್ಲಿ ಅನುಮಾನ ಇಲ್ಲ. ನಾಲ್ಕು ಸಿಲಿಂಡರ್, 16 ವಾಲ್ವ್, ಎರಡು ಕ್ಯಾಮ್‌ಶಾಫ್ಟ್, ಟೈಮಿಂಗ್ ಚೈನು, ಬೋರ್ (ಸಿಲಿಂಡರ್ ಅಗಲ) 69.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 82 ಮಿ.ಮೀ. ಆದ್ರೆ ಸಾಫ್ಟ್‌ವೇರ್ ಅಷ್ಟೇ ಬೇರೆ ಅನ್ನೋದು ತಪ್ಪು ಮಾತು. ದೊಡ್ಡ ವ್ಯತ್ಯಾಸ ಇರೋದು ಟರ್ಬೊದಲ್ಲಿ, ಅಂದ್ರೆ ಎಕ್ಸಾಸ್ಟ್ ಹೊಗೆಯ ಬಲದಲ್ಲಿ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಭಾಗದಲ್ಲಿ.

75 ಪಿಎಸ್‌ನಲ್ಲಿ ಬರೋದು ಫಿಕ್ಸೆಡ್ ಜಾಮೆಟ್ರಿ ಟರ್ಬೊ, ಸಣ್ಣದು, ಬೂಸ್ಟ್ (ಗಾಳಿಯ ಒತ್ತಡ) ಜಾಸ್ತಿ ಆದಾಗ ವೇಸ್ಟ್‌ಗೇಟ್ ತೆಗೆದು ಹೊಗೆಯನ್ನ ಪಕ್ಕಕ್ಕೆ ಬಿಟ್ಬಿಡುತ್ತೆ. 90 ಪಿಎಸ್‌ನಲ್ಲಿ ಇರೋದು ವಿಜಿಟಿ, ಅಂದ್ರೆ ಟರ್ಬೈನ್ ಸುತ್ತ ಅಲ್ಲಾಡೋ ಸಣ್ಣ ರೆಕ್ಕೆಗಳಿರ್ತವೆ, ಆರ್‌ಪಿಎಂ ಕಮ್ಮಿ ಇದ್ದಾಗ ಸಂದು ಕಿರಿದು ಮಾಡಿ ಹೊಗೆ ಜೋರಾಗಿ ನುಗ್ಗೋ ಹಾಗೆ ಮಾಡ್ತವೆ, ಆರ್‌ಪಿಎಂ ಏರಿದ ಹಾಗೆ ಅಗಲ ಆಗ್ತವೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದ್ರೆ ನೀರು ದೂರ ಚಿಮ್ಮುತ್ತಲ್ಲ, ಅದೇ ಲೆಕ್ಕ. ಪೇಪರ್ ಮೇಲೆ 75ರದ್ದು 2000 ಆರ್‌ಪಿಎಂಗೆ 190 ಎನ್‌ಎಂ ಟಾರ್ಕ್ (ಎಳೆಯೋ ಬಲ), ಮಾರುತಿ 90ರದ್ದು 1750ಕ್ಕೆ 200 ಎನ್‌ಎಂ. ಲೀನಿಯಾದಲ್ಲಿ ಫಿಯೆಟ್‌ನವ್ರು ಇನ್ನೂ ಸ್ವಲ್ಪ ಎಳೆದು 209 ಎನ್‌ಎಂವರೆಗೆ ತಂದಿದ್ರು.

ರೀಮ್ಯಾಪ್ ಮಾಡ್ಸಿದ್ರೆ 75ರ ಪವರ್ ಏರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆ ಸಣ್ಣ ಟರ್ಬೊ ತನ್ನ ಮಿತಿ ಮೀರಿ ತಿರುಗ್ಬೇಕು, ಎಕ್ಸಾಸ್ಟ್ ಬಿಸಿ ಜಾಸ್ತಿ ಆಗುತ್ತೆ, ಕ್ಲಚ್ ಮೇಲೂ ಲೋಡು. ಕಂಪನಿಯ 90 ಪಿಎಸ್ ಎಂಜಿನ್ ಅದಾಗಲ್ಲ. ಓಡಿದ ಗಾಡಿಗೆ ಈ ಕೆಲಸ ಖಂಡಿತ ಬೇಡ.

ಧಾರವಾಡ_ಡೀಸೆಲ್:
ಮ್ಯಾಲೆ ಹೇಳಿದ್ದು ಖರೆ ಐತಿ. ಈ ಎಂಜಿನ್ ಬಗ್ಗೆ ನನಗ ಭಾಳ ಪ್ರೀತಿ, ಅದಕ್ಕ ಒಂದೆರಡು ಮಾತು ಸೇರಸ್ತೇನಿ. ಇದು ಫಿಯೆಟ್ ಮತ್ತ ಜನರಲ್ ಮೋಟಾರ್ಸ್ ಕೂಡಿ ಕೆಲಸ ಮಾಡೂ ಕಾಲದಾಗ ಹುಟ್ಟಿದ್ದು, 2003ರಾಗ ಪೋಲೆಂಡಿನ ಬಿಯೆಲ್ಸ್ಕೊ-ಬಿಯಾವಾ ಫ್ಯಾಕ್ಟರಿಯೊಳಗ ಶುರು ಆತು. ಮಲ್ಟಿಜೆಟ್ ಅಂದ್ರ ಒಂದ ಸಲದ ಉರಿಗೆ ಡೀಸೆಲ್ ಒಮ್ಮೆಗೇ ಸುರಿಯೋದಿಲ್ಲ, ಐದು ಸಲದ ತನಕ ಸಣ್ಣ ಸಣ್ಣ ಪಾಲು ಮಾಡಿ ಹಾಕತೈತಿ. ಮೊದಲ ಒಂದೀಟು ಹಾಕಿ ಬೆಂಕಿ ಹಚ್ಚಿ ಆಮ್ಯಾಲೆ ಉಳಿದಿದ್ದು ಹಾಕೂದ್ರಿಂದ ಹಳೇ ಡೀಸೆಲ್ ಗಾಡಿ ಬಡಕೊಂಡಂಗ ಬಡ್ಕೊಳ್ಳೂದಿಲ್ಲ. 2005ರಾಗ 1 ರಿಂದ 1.4 ಲೀಟರ್ ವರ್ಗದಾಗ ಇಂಟರ್‌ನ್ಯಾಷನಲ್ ಎಂಜಿನ್ ಆಫ್ ದಿ ಇಯರ್ ಪ್ರಶಸ್ತಿ ಬಂತು.

ನಮ್ಮ ದೇಶದಾಗ ಮಾರುತಿಗೆ ಮಾನೇಸರದಾಗ ಲೈಸೆನ್ಸ್ ಮ್ಯಾಲೆ ಮಾಡ್ತಿದ್ರು, ಟಾಟಾ ಮತ್ತ ಫಿಯೆಟ್ಟಿಗೆ ಪುಣೆ ಹತ್ರ ರಂಜನಗಾಂವದಾಗ. ಮಾರುತಿಗೆ ಬೇಡಿಕಿ ಎಷ್ಟಿತ್ತು ಅಂದ್ರ 2012ರಾಗ ಫಿಯೆಟ್ ಕಡಿಂದ ವರ್ಷಕ್ಕ 1 ಲಕ್ಷದ ತನಕ ಎಂಜಿನ್ ತಗೊಳ್ಳಾಕ ಒಪ್ಪಂದ ಮಾಡ್ಕೊಂಡ್ರು. ಹೆಸರು ಮಾತ್ರ ಬ್ಯಾರೆ ಬ್ಯಾರೆ: ಮಾರುತಿಯಾಗ ಡಿಡಿಐಎಸ್, ಟಾಟಾದಾಗ ಕ್ವಾಡ್ರಾಜೆಟ್, ಷೆವರ್ಲೆ ಸೇಲ್‌ದಾಗ ಸ್ಮಾರ್ಟೆಕ್. ಬೀಟ್ ಡೀಸೆಲ್ಲಿನ 936 ಸಿಸಿ ಐತಲ್ರಿ, ಅದೂ ಇದ ಮನಿತನದ್ದ, ಬೋರ್ ಸ್ಟ್ರೋಕ್ ಇದ್ದದ್ದ ಇಟ್ಟು ಒಂದು ಸಿಲಿಂಡರ್ ತಗದಾರ. ನ್ಯಾಷನಲ್ ಎಂಜಿನ್ ಅಂತ ಮಂದಿ ಸುಮ್ಮನ ಅನ್ನಲಿಲ್ಲ.

ಮಲ್ನಾಡ್_ರೋಡ್:
ಇಷ್ಟು ವಿವರವಾಗಿ ಬರ್ದಿದ್ದಕ್ಕೆ ಇಬ್ರಿಗೂ ಥ್ಯಾಂಕ್ಸ್. ಹಾಗಾದ್ರೆ ಘಾಟಿಗೆ 90 ಪಿಎಸ್ ಎರ್ಟಿಗಾನೇ ಸರಿ ಅಂತಾನಾ?

ಘಾಟಿ_ಗೇರು:
ನಂಬರ್ ನೋಡಿ ಹಾಗನ್ಸುತ್ತೆ, ಓಡ್ಸಿದ್ರೆ ಬೇರೆ. ಎರಡರಲ್ಲೂ 2000 ಆರ್‌ಪಿಎಂ ಕೆಳಗೆ ಗಾಡಿ ಮಂಕಾಗೇ ಇರುತ್ತೆ, ಅದು ದಾಟಿದ ಮೇಲೆ ಎಳೆತ ಶುರು. ವಿಜಿಟಿ ಇದ್ರೂ 90ರಲ್ಲಿ ಈ ಲ್ಯಾಗ್ (ಎಳೆತ ಬರೋಕೆ ತಡ ಆಗೋದು) ಇನ್ನೂ ಎದ್ದು ಕಾಣುತ್ತೆ ಅಂತ ಎರಡೂ ಓಡಿಸಿರೋ ಸುಮಾರು ಜನ ಹೇಳ್ತಾರೆ, ನನ್ನ ಅನುಭವವೂ ಅದೇ. ಹೈವೇಲಿ ಓವರ್‌ಟೇಕ್ ಮಾಡೋಕೆ 90 ತುಂಬಾ ಖುಷಿ, ಟೌನಲ್ಲಿ ನಿಧಾನಕ್ಕೆ ಹೋಗೋಕೆ 75 ಹಗುರ. ಮೇಲಾಗಿ ಎರ್ಟಿಗಾ ಡಿಜೈರ್‌ಗಿಂತ ತೂಕದ ಗಾಡಿ, ಏಳು ಜನ ತುಂಬಿದ್ರೆ ಆ ಹೆಚ್ಚಿನ 15 ಪಿಎಸ್ ಅದಕ್ಕೇ ಹೋಗುತ್ತೆ. ಆಗುಂಬೆ ಹೇರ್‌ಪಿನ್ ತಿರುವಲ್ಲಿ ಯಾವ್ದೇ ಆದ್ರೂ ಎಳಿಲಿ ಎಳಿಲಿ ಅಂತ ಕಾಯ್ಬೇಡಿ, ತಿರುವಿಗೆ ಮುಂಚೆನೇ ಗೇರ್ ಇಳಿಸಿ 2000 ಮೇಲೆ ಇಟ್ಕೊಳಿ, ಆರಾಮಾಗಿ ಹತ್ತುತ್ತೆ. ನೀವು ನಾಲ್ಕೈದು ಜನ ಮಾತ್ರ ಅಂದ್ರೆ ಡಿಜೈರ್ ಸಾಕು, ಅದಕ್ಕಿಂತ ಜಾಸ್ತಿ ಜನ ಅಂದ್ರೆ ಸೀಟಿಗೋಸ್ಕರ ಎರ್ಟಿಗಾ ತಗೊಳ್ಳಿ, ಪಿಎಸ್‌ಗೋಸ್ಕರ ಅಲ್ಲ.

ಆಮೇಲೆ ಎರ್ಟಿಗಾ ಯಾವ ವರ್ಷದ್ದು ನೋಡಿ. 2019ರಲ್ಲಿ 1.5 ಲೀಟರ್ ಡೀಸೆಲ್ ಬಂತು, 225 ಎನ್‌ಎಂ, ಅದು ಮಾರುತಿ ಸ್ವಂತ ಎಂಜಿನ್, ಈ ಕುಟುಂಬದ್ದಲ್ಲ. ಆರ್‌ಸಿಯಲ್ಲಿ 1248 ಇದ್ಯಾ ಅಂತ ನೋಡ್ಕೊಂಡ್ರೆ ಗೊಂದಲ ಇರಲ್ಲ.

ಸ್ಪ್ಯಾನರ್_ಸೆಟ್:
ಒಂದು ವಿಷಯ ಯಾರೂ ಹೇಳಿಲ್ಲ. 75 ಆಗ್ಲಿ 90 ಆಗ್ಲಿ, ಈ ಎಂಜಿನ್ನಿನ ಆಯಸ್ಸು ಆಯಿಲ್ ಮೇಲೆ ನಿಂತಿದೆ. ಚೈನ್ ಇದೆ, ಬೆಲ್ಟ್ ಥರ ಬದಲಾಯಿಸ್ಬೇಕಿಲ್ಲ ಅಂತ ಮಾರೋರು ಹೇಳ್ತಾರೆ, ಆದ್ರೆ ಚೈನಿನ ಟೆನ್ಷನರ್ ಕೆಲಸ ಮಾಡೋದೇ ಆಯಿಲ್ ಪ್ರೆಷರ್ ಮೇಲೆ. ಆಯಿಲ್ ಲೇಟಾಗಿ ಬದಲಾಯಿಸ್ತಾ ಬಂದ್ರೆ ಗಸಿ ಕಟ್ಟಿ ಚೈನ್ ಸಡಿಲ ಆಗುತ್ತೆ, ಹಲ್ಲು ಜಿಗಿದ್ರೆ ವಾಲ್ವು ಪಿಸ್ಟನ್‌ಗೆ ಬಡಿದು ಹೆಡ್ ಕೆಲಸಕ್ಕೆ ಬರುತ್ತೆ. ಹಾಗಾಗಿ ನೋಡೋಕೆ ಬೆಳಗ್ಗೆನೇ ಹೋಗಿ, ಎಂಜಿನ್ ಪೂರ್ತಿ ತಣ್ಣಗಿರ್ಬೇಕು, ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ರೆ ಇನ್ನೊಂದಿನ ಬರ್ತೀನಿ ಅನ್ನಿ. ಸ್ಟಾರ್ಟ್ ಆದ ತಕ್ಷಣ ಟೈಮಿಂಗ್ ಕವರ್ ಕಡೆಯಿಂದ ಕಟಕಟ ಅಂತ ಚೈನ್ ಸದ್ದು ಬಂದ್ರೆ ಆ ಗಾಡಿ ಬಿಡಿ, ಇಲ್ಲಾ ಚೈನ್ ಕಿಟ್ ಖರ್ಚು ಕಳೆದು ರೇಟ್ ಮಾತಾಡಿ.

90 ಆದ್ರೆ ಇನ್ನೊಂದು ನೋಡ್ಬೇಕು. ಸದಾ ಟೌನಲ್ಲೇ ಓಡಿದ ಗಾಡೀಲಿ ವಿಜಿಟಿ ರೆಕ್ಕೆಗಳು ಮಸಿ ಹಿಡಿದು ಸಿಕ್ಕಾಕೊಳ್ತವೆ, ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನ ವಾಪಸ್ ಎಂಜಿನ್‌ಗೆ ಬಿಡೋದು) ಕೂಡ ಹಾಗೇ. ಏರಲ್ಲಿ ಮೂರನೇ ಗೇರಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಿ, ಇದ್ದಕ್ಕಿದ್ದ ಹಾಗೆ ಪವರ್ ಬಿದ್ದು ಎಂಜಿನ್ ಲೈಟ್ ಹತ್ತಿದ್ರೆ ಸ್ಕ್ಯಾನರ್ ಹಾಕ್ಸಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಈ ಎಂಜಿನ್ ಇಲ್ಲಿ ನಿಂತೋಯ್ತು, ಆದ್ರೂ ರೋಡಲ್ಲಿ ಲಕ್ಷಾಂತರ ಗಾಡಿ ಇರೋದ್ರಿಂದ ಪಾರ್ಟ್ಸ್‌ಗೆ ತೊಂದರೆ ಇಲ್ಲ. ಎರಡೂ ಗಾಡಿಯ ಸರ್ವಿಸ್ ಹಿಸ್ಟರಿ ಸಿಕ್ಕಿದ್ರೆ ಇಲ್ಲಿ ಹಾಕಿ, ಆಯಿಲ್ ಎಷ್ಟೆಷ್ಟು ಕಿಲೋಮೀಟರಿಗೆ ಬದಲಾಯಿಸಿದಾರೆ ಅಂತ ನೋಡಿ ಹೇಳ್ತೀವಿ.