ಸಹಾಯ ಬೇಕು: ಲಿವರಿಗೆ ಹರಡಿದ ಮೆಲನೋಮ, ಜೀನ್ ಪರೀಕ್ಷೆ ಮತ್ತು ಇಮ್ಯುನೊಥೆರಪಿ (ಮಂಗಳೂರು, ಉಡುಪಿ)

ನಮಸ್ಕಾರ. ಕುಂದಾಪುರ ಕಡೆಯ ರೋಗಿಯೊಬ್ಬರಿಗೆ ಅಂಗಾಲಿನ ಮೆಲನೋಮ (ಬಣ್ಣದ ಕೋಶಗಳಿಂದ ಬರುವ ಕ್ಯಾನ್ಸರ್) ಲಿವರ್, ಶ್ವಾಸಕೋಶಕ್ಕೆ ಹರಡಿದೆ ಅಂತ ಪೆಟ್-ಸಿಟಿ ಸ್ಕ್ಯಾನಿನಲ್ಲಿ ಬಂದಿದೆ. ಲಿವರ್ ಬಯಾಪ್ಸಿಯಲ್ಲಿ ಎಸ್-100, ಸಾಕ್ಸ್-10, ಎಚ್‌ಎಂಬಿ-45 (ಮೆಲನೋಮ ಗುರುತಿಸಲು ನೋಡುವ ಪ್ರೋಟೀನುಗಳು) ಮೂರೂ ಪಾಸಿಟಿವ್. ಎಲ್‌ಡಿಎಚ್ (ರಕ್ತದಲ್ಲಿ ನೋಡುವ ಒಂದು ಕಿಣ್ವ) ಏರಿದೆ. ಮೆದುಳಿನ ಎಂಆರ್‌ಐ ಬಾಕಿ. ಪೆಟ್‌ನಲ್ಲಿ ಮೆದುಳಿನ ಸಣ್ಣ ಗಡ್ಡೆ ತಪ್ಪಿಹೋಗಬಹುದು, ಹಾಗಾಗಿ ಅದನ್ನು ಬಿಡುವ ಹಾಗಿಲ್ಲ.

ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಇಟ್ಟ ಬಯಾಪ್ಸಿ ತುಣುಕು) ಕೊಟ್ಟರೆ ಬಿಆರ್‌ಎಎಫ್, ಎನ್‌ಆರ್‌ಎಎಸ್, ಕಿಟ್ ಮೂರೂ ಜೀನುಗಳನ್ನು ನೋಡುವ ಲ್ಯಾಬಿಗೆ ಮಂಗಳೂರು ಅಥವಾ ಮಣಿಪಾಲದಲ್ಲಿ ಸ್ಯಾಂಪಲ್ ತೆಗೆದುಕೊಳ್ಳುವವರು ಯಾರು? ರಿಪೋರ್ಟಿಗೆ ಎಷ್ಟು ದಿನ? ಬಿಆರ್‌ಎಎಫ್ ಒಂದನ್ನೇ ಮಾಡಿಸಿ ಮುಗಿಸುವುದು ಬೇಡ; ಅಂಗಾಲಿನ ಮೆಲನೋಮದಲ್ಲಿ ಅದರ ಬದಲಾವಣೆ ಕಡಿಮೆ, ಕಿಟ್ ಬದಲಾವಣೆ ಸಿಗುವ ಸಾಧ್ಯತೆ ಉಂಟು. ಇನ್ನೊಂದು ತೊಡಕು: ಮೆಲನಿನ್ (ಗಡ್ಡೆಯಲ್ಲಿರುವ ಕಪ್ಪು ಬಣ್ಣ) ಜಾಸ್ತಿ ಇದ್ದರೆ ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಹಂತ) ಕೆಲವೊಮ್ಮೆ ನಡೆಯುವುದಿಲ್ಲ, ರಿಪೋರ್ಟ್ ‘ಸ್ಯಾಂಪಲ್ ಸಾಲದು’ ಅಂತ ವಾಪಸ್ ಬರಬಹುದು. ಡಿಎನ್‌ಎಯಿಂದ ಮೆಲನಿನ್ ತೆಗೆಯುವ ಕ್ರಮ ಗೊತ್ತಿರುವ ಲ್ಯಾಬೇ ಆಗಬೇಕು.

ಖರ್ಚಿನ ವಿಷಯ. ಇಮ್ಯುನೊಥೆರಪಿಗೆ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ನಿವೊಲುಮ್ಯಾಬ್ ಇಂಜೆಕ್ಷನ್ 240 ಮಿಗ್ರಾಂ 2 ವಾರಕ್ಕೊಮ್ಮೆ ಅಂತ ಯೋಚನೆ. ಅಂದರೆ 100 ಮಿಗ್ರಾಂನ ಎರಡು ವಯಲ್, 40ರದ್ದು ಒಂದು. ಕಂಪನಿಯ ರೋಗಿ ಸಹಾಯ ಯೋಜನೆಗೆ ಯಾವ ಕಾಗದಪತ್ರ ಕೇಳುತ್ತಾರೆ, ಮೊದಲೇ ಅರ್ಜಿ ಹಾಕಬೇಕಾ?

ಈ ಇಂಜೆಕ್ಷನ್ನಿನ ಅಡ್ಡಪರಿಣಾಮವಾಗಿ ಭೇದಿ, ಏದುಸಿರು, ಕಣ್ಣು ಹಳದಿಯಾದರೆ ಸ್ಟೀರಾಯ್ಡ್ ತಡವಾಗಬಾರದು. ಇದನ್ನು ಗುರುತಿಸುವ ರಾತ್ರಿ ಕ್ಯಾಶುವಾಲ್ಟಿ ಕುಂದಾಪುರಕ್ಕೆ ಹತ್ತಿರ ಎಲ್ಲಿ?

ಕಷಾಯ, ನಾಟಿಮದ್ದಿನ ಸಲಹೆ ದಯವಿಟ್ಟು ಬೇಡ. ಎಸ್‌ಜಿಪಿಟಿ (ಲಿವರಿನ ರಕ್ತಪರೀಕ್ಷೆ) ಏರಿದಾಗ ಕಾರಣ ಗಡ್ಡೆಯೋ, ಇಂಜೆಕ್ಷನ್ನೋ, ಕಷಾಯವೋ ಅಂತ ಡಾಕ್ಟರಿಗೂ ಹೇಳಲಿಕ್ಕೆ ಆಗುವುದಿಲ್ಲ.