ಸಹಾಯ ಬೇಕು: ಅಮ್ಮನಿಗೆ ಉಪದೇಶ ಮಾಡದ ಕ್ರೈಸ್ತ ಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೈಬಲ್ ಬಿಟ್ಟು ಬೇರೇನೂ ಓದುತ್ತಿಲ್ಲ. ಅದರಲ್ಲೂ ಕೀರ್ತನೆಗಳು ಮಾತ್ರ. 88ನೇ ಕೀರ್ತನೆಯ ಪುಟದ ಅಂಚು ಬೆರಳು ತಾಗಿ ತಾಗಿ ಕಪ್ಪಾಗಿದೆ. ಕೊನೆಯ ಸಾಲಿನವರೆಗೂ ಕತ್ತಲೆಯೇ ಇರುವ ಕೀರ್ತನೆ ಅದು.

ನೆಂಟರು ಕೊಟ್ಟ ಪುಸ್ತಕಗಳೆಲ್ಲ ‘ನಂಬಿದರೆ ಸಾಕು, ಎಲ್ಲ ಸರಿಹೋಗುತ್ತೆ’ ಅನ್ನುವಂಥವು. ಎರಡು ಪುಟ ಓದಿ ಸುಮ್ನೆ ಕನ್ನಡಕ ತೆಗೆದಿಡುತ್ತಾರೆ. ನನಗೂ ಅವು ಹಿಡಿಸಲ್ಲ, ಬಿಡಿ.

ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ತಮ್ಮ ಹೆಂಡತಿ ತೀರಿಕೊಂಡಾಗ ಬರೆದು, 1961ರಲ್ಲಿ ಬೇರೆ ಹೆಸರಿನಲ್ಲಿ ಪ್ರಕಟಿಸಿದ ‘ಎ ಗ್ರೀಫ್ ಅಬ್ಸರ್ವ್ಡ್’ ಅನ್ನು ಕನ್ನಡದಲ್ಲಿ ಹೇಳುತ್ತಾ ಓದಿದೆ. “ಅವರಿಗೂ ದೇವರ ಮೇಲೆ ಸಿಟ್ಟು ಬಂದಿತ್ತಾ?” ಅಂತ ಕೇಳಿದರು. ಆಮೇಲೆ ಮಠದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಪ್ರಾರ್ಥಿಸುತ್ತಿದ್ದ ಬ್ರದರ್ ಲಾರೆನ್ಸ್ ಬಗ್ಗೆ ಹೇಳಿದೆ. ಅದು ಇನ್ನೂ ಜಾಸ್ತಿ ಇಷ್ಟವಾಯಿತು. ಪಾತ್ರೆ ತೊಳೆಯುವಾಗ ಈಗಲೂ ಅವರ ಹೆಸರು ಎತ್ತುತ್ತಾರೆ!

ಇಂಥವು ಇನ್ನೂ ಇರಬೇಕು ಅಲ್ವಾ? ಕಾದಂಬರಿ, ಪ್ರಬಂಧ, ದಿನಚರಿ ಯಾವುದಾದರೂ ಸರಿ. ಕನ್ನಡದಲ್ಲಿದ್ದರೆ ತುಂಬಾ ಒಳ್ಳೆಯದು, ಅಕ್ಷರ ದಪ್ಪ ಇರಲಿ. ಇಂಗ್ಲಿಷ್ ಆದರೆ ನಾನೇ ಓದಿ ಹೇಳುತ್ತೇನೆ. ನೀವೇ ಓದಿ ಮೆಚ್ಚಿದ ಪುಸ್ತಕವಿದ್ದರೆ ದಯವಿಟ್ಟು ತಿಳಿಸಿ.